ರಕ್ತ ಏರದ ಕೂಸು, ಮನೆಯೊಳಗಿನ ಸೀಸ

ಕಲಬುರಗಿ, ಬೀದರ್, ಯಾದಗಿರಿ ಕಡೆ ಯಾವ ಅಂಗನವಾಡಿಗೆ ಹೋದರೂ ಮಕ್ಕಳ ಬಗ್ಗೆ ಮೊದಲು ಕೇಳಿಬರುವ ಮಾತು ‘ರಕ್ತ ಕಮ್ಮಿ’. ಅದು ಸುಮ್ನೆ ಹೇಳುವ ಮಾತಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, ದೇಶದಲ್ಲಿ ಆರು ತಿಂಗಳಿಂದ ಐದು ವರ್ಷದೊಳಗಿನ ನೂರು ಮಕ್ಕಳಲ್ಲಿ 67 ಮಕ್ಕಳಿಗೆ ರಕ್ತಹೀನತೆ ಕಂಡುಬಂತು. ಕರ್ನಾಟಕದ ಲೆಕ್ಕವೂ ಅದರ ಆಸುಪಾಸಿನಲ್ಲೇ ಇದೆ. ಅದಕ್ಕೇ ಆಶಾ ಕಾರ್ಯಕರ್ತೆಯರು ಮನೆಗೆ ಕಬ್ಬಿಣಾಂಶದ ಸಿರಪ್ ತಂದುಕೊಡುತ್ತಾರೆ. ವಾರಕ್ಕೆ ಎರಡು ಸಲ, ಒಂದೊಂದು ಎಂಎಲ್. ಜೊತೆಗೆ ಹುಳದ ಮಾತ್ರೆ. ಬಹಳಷ್ಟು ಮಕ್ಕಳು ಇಷ್ಟರಲ್ಲೇ ಸುಧಾರಿಸುತ್ತಾರೆ. ಕೆಲವರು ಮಾತ್ರ ಸುಧಾರಿಸುವುದಿಲ್ಲ. ಸಿರಪ್ ಖಾಲಿಯಾಗುತ್ತದೆ, ಹಿಮೋಗ್ಲೋಬಿನ್ ಅಲ್ಲೇ ನಿಂತಿರುತ್ತದೆ. ಊಟ ಸೇರಲ್ಲ, ಹೊಟ್ಟೆನೋವು ಅಂತಾರೆ, ಸಣ್ಣದಕ್ಕೆಲ್ಲ ರಚ್ಚೆ ಹಿಡಿಯುತ್ತಾರೆ.

ಇಂಥ ಕೂಸಿನ ಮನೆಯಲ್ಲಿ ಕೇಳಬೇಕಾದ ಒಂದು ಪ್ರಶ್ನೆ ಇದೆ. ನಮ್ಮಲ್ಲಿ ಅದನ್ನು ಕೇಳುವವರು ಕಡಿಮೆ: ಈ ಮನೆಯಲ್ಲಿ ಸೀಸ ಎಲ್ಲಿದೆ?

ಸೀಸ, ಅಂದರೆ ಇಂಗ್ಲಿಷಿನ ಲೆಡ್, ಗ್ಯಾರೇಜಿನವರಿಗೆ, ಗುಜರಿಯವರಿಗೆ, ಭೀಮಾ ಮತ್ತು ಕೃಷ್ಣಾ ದಡದಲ್ಲಿ ಬಲೆ ಬೀಸುವವರಿಗೆ ಚೆನ್ನಾಗಿ ಗೊತ್ತಿರುವ ಲೋಹ. ಮೆತ್ತಗಿರುತ್ತದೆ, ಭಾರ ಇರುತ್ತದೆ, 327 ಡಿಗ್ರಿಗೇ ಕರಗುತ್ತದೆ. ಮನೆಯ ಒಲೆಯ ಮೇಲೂ ಕರಗಿಸಬಹುದು. ಕೆಲಸಕ್ಕೆ ಇಷ್ಟು ಸಲೀಸಾದ ಲೋಹ ಇನ್ನೊಂದಿಲ್ಲ, ಹಾಗಾಗಿ ಬಣ್ಣದಿಂದ ಬ್ಯಾಟರಿ ತನಕ ಎಲ್ಲದರೊಳಗೂ ಅದು ಸೇರಿಕೊಂಡಿತು. ದೇಹಕ್ಕೆ ಮಾತ್ರ ಅದರಿಂದ ಬಿಡಿಗಾಸಿನ ಉಪಯೋಗವಿಲ್ಲ. ಕಬ್ಬಿಣ ಬೇಕು, ಸತು ಬೇಕು, ತಾಮ್ರವೂ ಚೂರು ಬೇಕು. ಸೀಸ ಬೇಡವೇ ಬೇಡ. ಇಷ್ಟರ ತನಕ ಇದ್ದರೆ ಪರವಾಗಿಲ್ಲ ಅನ್ನುವ ಸುರಕ್ಷಿತ ಮಟ್ಟವೇ ಗೊತ್ತಿಲ್ಲ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ.

ನಮ್ಮ ಭಾಗದವರಿಗೆ ವಿಷ ಅಂದ ಕೂಡಲೇ ಬೋರ್‌ವೆಲ್ ನೀರು ನೆನಪಾಗುತ್ತದೆ. ಸುರಪುರ ತಾಲ್ಲೂಕಿನ ಕಿರದಳ್ಳಿ ತಾಂಡಾದಲ್ಲಿ ಆರ್ಸೆನಿಕ್ ಏನು ಮಾಡಿತು ಅಂತ ಕಂಡಿದ್ದೇವೆ. ಫ್ಲೋರೈಡ್ ಕಾಟವೂ ಹೊಸದಲ್ಲ. ಆ ಎರಡೂ ನೆಲದೊಳಗಿನ ಕಲ್ಲಿನಿಂದ ನೀರಿಗೆ ಬಂದವು, ಊರಿಗೆ ಊರೇ ಅನುಭವಿಸಿತು. ಸೀಸದ ದಾರಿ ಬೇರೆ. ಅದು ಬಹುಪಾಲು ಮನುಷ್ಯರು ಮಾಡಿದ ವಸ್ತುಗಳಿಂದ ಬರುತ್ತದೆ, ಮನೆ ಮನೆಗೂ ಬೇರೆ ಬೇರೆ ರೂಪದಲ್ಲಿ. ಪಕ್ಕದ ಮನೆಯ ಮಗು ಚೆನ್ನಾಗಿರಬಹುದು, ನಿಮ್ಮ ಮಗುವಿನ ರಕ್ತದಲ್ಲಿ ಸೀಸ ಇರಬಹುದು. ಆರ್‌ಒ ಪ್ಲಾಂಟ್ ಹಾಕಿಸಿ ಮುಗಿಸುವ ಕೆಲಸ ಇದಲ್ಲ.

ಒಳಗೆ ಹೋಗಿ ಏನು ಮಾಡುತ್ತದೆ?

ಸೀಸದ ಕಣ ಕರುಳಿಗೆ ಬಂದಾಗ ದೇಹ ಅದನ್ನು ಕ್ಯಾಲ್ಸಿಯಂ ಅಂದುಕೊಳ್ಳುತ್ತದೆ. ಬೇರೆಯವರ ರೇಷನ್ ಕಾರ್ಡ್ ತೋರಿಸಿ ಅಕ್ಕಿ ಎತ್ತಿಕೊಂಡು ಹೋದ ಹಾಗೆ, ಕ್ಯಾಲ್ಸಿಯಂ, ಕಬ್ಬಿಣಕ್ಕೆ ಇರುವ ಬಾಗಿಲಿನಲ್ಲೇ ಸೀಸ ಒಳಗೆ ನುಗ್ಗುತ್ತದೆ. ಮಗುವಿನ ದೇಹ ಬೆಳೆಯುವ ದೇಹ. ಅದಕ್ಕೆ ಎರಡೂ ಜಾಸ್ತಿ ಬೇಕು, ಆದ್ದರಿಂದ ಬಾಗಿಲೂ ಅಗಲವಾಗಿ ತೆರೆದಿರುತ್ತದೆ. ಒಂದೇ ಮೂಲದಿಂದ ಸೀಸ ನುಂಗಿದರೂ ದೊಡ್ಡವರಿಗಿಂತ ನಾಲ್ಕೈದು ಪಟ್ಟು ಹೆಚ್ಚು ಸೀಸವನ್ನು ಪುಟ್ಟ ಮಕ್ಕಳ ದೇಹ ಹೀರಿಕೊಳ್ಳುತ್ತದೆ. ಕಬ್ಬಿಣಾಂಶ ಕಡಿಮೆ ಇರುವ ಮಗುವಿನಲ್ಲಿ ಇನ್ನೂ ಜಾಸ್ತಿ. ಹೊಟ್ಟೆ ಖಾಲಿ ಇದ್ದರೆ ಅದಕ್ಕಿಂತ ಜಾಸ್ತಿ.

ನಮ್ಮ ಜಿಲ್ಲೆಗಳಿಗೆ ಇದು ಎಷ್ಟು ಮುಖ್ಯ ಅಂತ ಇಲ್ಲೇ ಗೊತ್ತಾಗುತ್ತದೆ. ಒಂದೇ ಬೀದಿ, ಒಂದೇ ಧೂಳು. ಆದರೂ ರಕ್ತ ಕಮ್ಮಿ ಇರುವ ಕೂಸು, ಗಟ್ಟಿಮುಟ್ಟಾದ ಕೂಸಿಗಿಂತ ಹೆಚ್ಚು ಸೀಸ ಎಳೆದುಕೊಳ್ಳುತ್ತದೆ. ಒಳಗೆ ಹೋದ ಸೀಸ ಮತ್ತೆ ರಕ್ತಕ್ಕೇ ಕೈ ಹಾಕುತ್ತದೆ. ಹಿಮೋಗ್ಲೋಬಿನ್ ತಯಾರಾಗುವಾಗ ಕೊನೆಯ ಹಂತದಲ್ಲಿ ಕಬ್ಬಿಣವನ್ನು ಅದರ ಜಾಗದಲ್ಲಿ ಕೂರಿಸುವ ಕಿಣ್ವ ಒಂದಿದೆ. ಸೀಸ ಅದನ್ನು ತಡೆಯುತ್ತದೆ. ಅದಕ್ಕಿಂತ ಮೊದಲ ಹಂತದ ಇನ್ನೊಂದು ಕಿಣ್ವವನ್ನೂ ಬಿಡುವುದಿಲ್ಲ. ಸೀಸ ಜಾಸ್ತಿಯಾದಾಗ ಕಬ್ಬಿಣ ಇದ್ದರೂ ರಕ್ತ ಆಗುವುದಿಲ್ಲ. ಹಾಗಂತ ನಮ್ಮ ಮಕ್ಕಳ ರಕ್ತಹೀನತೆಗೆಲ್ಲ ಸೀಸವೇ ಕಾರಣ ಅಂತ ಯಾರೂ ತಿಳಿಯಬಾರದು. ಬಹುಪಾಲು ಕಾರಣ ಊಟದಲ್ಲೇ ಇದೆ, ಹುಳದಲ್ಲಿದೆ, ತಾಯಿಯ ಆರೋಗ್ಯದಲ್ಲಿದೆ. ಆದರೆ ಈ ಎರಡು ತೊಂದರೆಗಳು ಒಂದನ್ನೊಂದು ಸಾಕುತ್ತವೆ.

ಮಿದುಳಿನ ವಿಷಯ ಇದಕ್ಕಿಂತ ಗಂಭೀರ. ಮೊದಲ ಐದಾರು ವರ್ಷಗಳಲ್ಲಿ ನರಕೋಶಗಳು ಒಂದಕ್ಕೊಂದು ಸೇರಿಕೊಳ್ಳುತ್ತಿರುತ್ತವೆ. ಈ ಜೋಡಣೆ ನಡೆಯುವುದು ಕ್ಯಾಲ್ಸಿಯಂ ಸಂಕೇತಗಳ ಮೂಲಕ. ಅಲ್ಲೂ ಕ್ಯಾಲ್ಸಿಯಂ ಜಾಗದಲ್ಲಿ ಸೀಸ ಬಂದು ಕೂರುತ್ತದೆ. ಕಲಿಕೆ ನಿಧಾನ, ಗಮನ ನಿಲ್ಲುವುದಿಲ್ಲ, ಸಿಟ್ಟು ಜಾಸ್ತಿ, ಕೆಲವರಿಗೆ ಕಿವಿ ಮಂದ. ಮನೆಯವರು ‘ಹಟಮಾರಿ’ ಅಂತಾರೆ, ಶಾಲೆಯಲ್ಲಿ ‘ದಡ್ಡ’ ಅಂತಾರೆ. ಮಗುವಿನ ಹಣೆಬರಹ ಅಂತ ಎಲ್ಲರೂ ಒಪ್ಪಿಕೊಂಡು ಬಿಡುತ್ತಾರೆ. ನನಗೆ ಎಲ್ಲಕ್ಕಿಂತ ಸಂಕಟ ಅನ್ನಿಸುವುದು ಇದೇ.

ಅಮೆರಿಕದ ಹರ್ಬರ್ಟ್ ನೀಡಲ್‌ಮನ್ ಅನ್ನುವ ಮಕ್ಕಳ ವೈದ್ಯ ಇದನ್ನು ತೋರಿಸಿಕೊಟ್ಟ ದಾರಿ ಸೊಗಸಾದದ್ದು. ನಮ್ಮಲ್ಲಿ ಮಾಳಿಗೆ ಮೇಲೆ ಎಸೆಯುವ ಹಾಲುಹಲ್ಲುಗಳನ್ನು ಅವರು ಬಾಸ್ಟನ್ ಪಕ್ಕದ ಊರುಗಳ ಶಾಲಾ ಮಕ್ಕಳಿಂದ ಕೂಡಿಸಿದರು. ಸೀಸ ಎಲುಬು, ಹಲ್ಲಿನಲ್ಲಿ ವರ್ಷಗಟ್ಟಲೆ ಕೂತಿರುತ್ತದೆ, ಆದ್ದರಿಂದ ಹಲ್ಲು ನೋಡಿದರೆ ಹಳೆಯ ಲೆಕ್ಕ ಸಿಗುತ್ತದೆ. 1979ರಲ್ಲಿ ಅವರು ಪ್ರಕಟಿಸಿದ ಫಲಿತಾಂಶ ಇಷ್ಟು: ಹಲ್ಲಿನಲ್ಲಿ ಸೀಸ ಜಾಸ್ತಿ ಇದ್ದ ಮಕ್ಕಳು ಬುದ್ಧಿಶಕ್ತಿಯ ಪರೀಕ್ಷೆಯಲ್ಲೂ, ತರಗತಿಯ ಗಮನದಲ್ಲೂ ಹಿಂದೆ ಇದ್ದರು. ಅವರಲ್ಲಿ ಯಾರೂ ಕಾಯಿಲೆ ಬಿದ್ದ ಮಕ್ಕಳಾಗಿರಲಿಲ್ಲ. ನೋಡಲು ಎಲ್ಲ ಮಕ್ಕಳ ಹಾಗೇ ಇದ್ದರು.

ಅಂಕಿಗಳನ್ನು ಓದುವುದು ಹೇಗೆ

ರಕ್ತದ ಸೀಸವನ್ನು ‘ಒಂದು ಡೆಸಿಲೀಟರ್‌ಗೆ ಇಷ್ಟು ಮೈಕ್ರೋಗ್ರಾಂ’ ಅಂತ ಅಳೆಯುತ್ತಾರೆ. ಡೆಸಿಲೀಟರ್ ಅಂದರೆ ನೂರು ಎಂಎಲ್. ಮೈಕ್ರೋಗ್ರಾಂ ಅಂದರೆ ಗ್ರಾಮಿನ ಹತ್ತು ಲಕ್ಷದಲ್ಲಿ ಒಂದು ಪಾಲು. ಹನ್ನೆರಡು ಕಿಲೋ ತೂಗುವ ಮಗುವಿನ ಮೈಯಲ್ಲಿ ಹೆಚ್ಚುಕಡಿಮೆ ಒಂದು ಲೀಟರ್‌ನಷ್ಟು ರಕ್ತ ಇರುತ್ತದೆ. ರಿಪೋರ್ಟ್‌ನಲ್ಲಿ 5 ಅಂತ ಬಂದರೆ, ಅಷ್ಟೂ ರಕ್ತದಲ್ಲಿ ಇರುವ ಒಟ್ಟು ಸೀಸ ಸುಮಾರು 50 ಮೈಕ್ರೋಗ್ರಾಂ. ಒಂದು ಮಿಲಿಗ್ರಾಮನ್ನು ಇಪ್ಪತ್ತು ಪಾಲು ಮಾಡಿದರೆ ಒಂದು ಪಾಲು. ಕಣ್ಣಿಗೆ ಕಾಣುವ ಧೂಳಿನ ವಿಷಯ ಅಲ್ಲವೇ ಅಲ್ಲ ಇದು.

ಈ 5 ಅನ್ನುವ ಅಂಕಿ ದಾಟಿದರೆ ಸೀಸದ ಮೂಲ ಹುಡುಕಿ ತೆಗೆಯಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿತು. ಅಮೆರಿಕ ಅದೇ ವರ್ಷ ತನ್ನ ಗೆರೆಯನ್ನು 3.5ಕ್ಕೆ ಇಳಿಸಿಕೊಂಡಿತು. ಮೊದಲು 10 ಇದ್ದದ್ದು, ಆಮೇಲೆ 5 ಆಗಿ, ಈಗ ಇಲ್ಲಿಗೆ ಬಂದಿದೆ. ನಿಮ್ಮ ರಿಪೋರ್ಟ್‌ನ ಪಕ್ಕದಲ್ಲಿ ‘10ರ ತನಕ ನಾರ್ಮಲ್’ ಅಂತ ಅಚ್ಚಾಗಿದ್ದರೆ ಅದು ಹಳೆಯ ಲೆಕ್ಕ, ನಂಬಿ ಕೂರಬೇಡಿ. 2020ರಲ್ಲಿ ಯುನಿಸೆಫ್ ಮತ್ತು ಪ್ಯೂರ್ ಅರ್ತ್ ಸಂಸ್ಥೆಗಳ ಅಂದಾಜಿನಂತೆ ಜಗತ್ತಿನ ಮೂವರು ಮಕ್ಕಳಲ್ಲಿ ಒಬ್ಬರ ರಕ್ತದಲ್ಲಿ ಸೀಸ 5 ಅಥವಾ ಅದಕ್ಕಿಂತ ಮೇಲಿದೆ. ಒಟ್ಟು 80 ಕೋಟಿ ಮಕ್ಕಳು. ಅದರಲ್ಲಿ ಭಾರತದ ಪಾಲು ಸುಮಾರು 27.5 ಕೋಟಿ.

ಇನ್ನೊಂದು ವಿಚಿತ್ರ ಇದೆ. ಸೀಸ ಜಾಸ್ತಿಯಾದ ಹಾಗೆ ಹಾನಿಯೂ ಅದೇ ಪ್ರಮಾಣದಲ್ಲಿ ಏರುತ್ತದೆ ಅಂದುಕೊಳ್ಳುತ್ತೇವೆ. ಹಾಗಲ್ಲ. ಬುದ್ಧಿಶಕ್ತಿಯ ಮಟ್ಟಿಗೆ ಮೊದಲ ಹತ್ತು ಮೈಕ್ರೋಗ್ರಾಂ ಮಾಡುವ ಹಾನಿ, ಆಮೇಲಿನ ಹತ್ತು ಮಾಡುವುದಕ್ಕಿಂತ ಜಾಸ್ತಿ. ‘ಸ್ವಲ್ಪವೇ ತಾನೇ’ ಅನ್ನುವ ಮಾತಿಗೆ ಇಲ್ಲಿ ಬೆಲೆ ಇಲ್ಲ.

ಹಳೆಯ ಬಾಗಿಲು, ಹೊಸ ಬಣ್ಣ

ಇನ್ನು ಮನೆಯೊಳಗೆ ಬರೋಣ. ಬಣ್ಣದಿಂದಲೇ ಶುರು ಮಾಡುತ್ತೇನೆ, ಯಾಕಂದರೆ ಇದು ಯಾರಿಗೂ ಅಪಾಯ ಅಂತ ಅನ್ನಿಸುವುದೇ ಇಲ್ಲ.

ಸುಣ್ಣ ಬಳಿದ ಗೋಡೆಯ ಚಿಂತೆ ಬೇಡ, ಸುಣ್ಣದಲ್ಲಿ ಸೀಸ ಬೆರೆಸುವ ರೂಢಿ ಇಲ್ಲ. ತೊಂದರೆ ಇರುವುದು ಬಾಗಿಲು, ಕಿಟಕಿ, ಗ್ರಿಲ್, ತೊಟ್ಟಿಲು, ಕಪಾಟಿಗೆ ಬಳಿದ ಹಳೆಯ ಆಯಿಲ್ ಪೇಂಟ್‌ನಲ್ಲಿ. ಬಣ್ಣ ಹೊಳೆಯಲಿ, ಬೇಗ ಒಣಗಲಿ, ಮಳೆಗೆ ನಿಲ್ಲಲಿ ಅಂತ ಸೀಸದ ಸಂಯುಕ್ತಗಳನ್ನು ಸೇರಿಸುತ್ತಿದ್ದರು. ಹಳದಿ, ಕೆಂಪು, ಕಿತ್ತಳೆ, ಹಸಿರು ಬಣ್ಣಗಳಲ್ಲಿ ಜಾಸ್ತಿ. ಮನೆಬಳಕೆಯ ಬಣ್ಣದಲ್ಲಿ ಸೀಸ ಹತ್ತು ಲಕ್ಷದಲ್ಲಿ 90 ಪಾಲು (90 ಪಿಪಿಎಂ) ಮೀರಬಾರದು ಅನ್ನುವ ನಿಯಮ ನಮ್ಮ ದೇಶದಲ್ಲಿ 2016ರಲ್ಲಿ ಬಂತು, ಜಾರಿಯಾದದ್ದು 2017ರ ನವೆಂಬರ್‌ನಿಂದ. ಅದಕ್ಕಿಂತ ಮೊದಲು ಬಳಿದ ಬಣ್ಣ ಈಗಲೂ ಬಾಗಿಲ ಮೇಲೇ ಇದೆ, ಅಲ್ವಾ? ಪದರದ ಮೇಲೆ ಪದರ.

ಅದು ಗಟ್ಟಿಯಾಗಿ ಅಂಟಿಕೊಂಡಿರುವ ತನಕ ಅಷ್ಟು ತೊಂದರೆ ಇಲ್ಲ. ಮನೆಯಲ್ಲಿ ಮದುವೆ ಗೊತ್ತಾಯಿತು ಅನ್ನಿ. ಪೇಂಟರ್ ಬರುತ್ತಾನೆ. ಹೊಸ ಬಣ್ಣ ಹಿಡಿಯಬೇಕಾದರೆ ಹಳೆಯದನ್ನು ಕೆರೆಯಲೇಬೇಕು. ಉಪ್ಪುಕಾಗದ ತಗೊಂಡು ಚೌಕಟ್ಟನ್ನು ಉಜ್ಜಲು ಶುರು ಮಾಡುತ್ತಾನೆ. ಮೇಲಿನ ಕಂದು ಹೋಗಿ ಒಳಗಿನ ಹಸಿರು ಕಾಣುತ್ತದೆ, ಹಸಿರು ಹೋಗಿ ಅಪ್ಪನ ಕಾಲದ ಹಳದಿ ಕಾಣುತ್ತದೆ. ಹಿಟ್ಟಿನಂಥ ನುಣ್ಣನೆ ಧೂಳು ಕೆಳಗಿಳಿಯುತ್ತದೆ. ನಮ್ಮ ಮನೆಗಳ ನೆಲ ಶಹಾಬಾದ್ ಕಲ್ಲಿನದು. ಪರಸಿ ಮತ್ತು ಪರಸಿ ನಡುವಿನ ಸಂದಿನಲ್ಲಿ ಆ ಧೂಳು ಹೋಗಿ ಕೂರುತ್ತದೆ. ಸಂಜೆ ಯಾರೋ ಬಾರಿಗೆ ತಗೊಂಡು ಕಸ ಗುಡಿಸುತ್ತಾರೆ. ದಪ್ಪ ಚಕ್ಕೆಗಳು ಮೊರಕ್ಕೆ ಬರುತ್ತವೆ, ನುಣ್ಣನೆಯದು ಮೇಲೆದ್ದು ಮತ್ತೆ ಕೆಳಗೆ ಕೂರುತ್ತದೆ, ಹಾಸಿಗೆ ಮೇಲೂ, ನೀರಿನ ಕೊಡದ ಮೇಲೂ. ಅದೇ ನೆಲದ ಮೇಲೆ ಹತ್ತು ತಿಂಗಳ ಕೂಸು ಅಂಬೆಗಾಲಿಡುತ್ತದೆ. ಕೈ ನೆಲಕ್ಕೆ, ಕೈ ಬಾಯಿಗೆ. ದಿನಕ್ಕೆ ಎಷ್ಟು ಸಲ ಅಂತ ಎಣಿಸಿದವರು ಯಾರು?

ಹೀಗೆ ಮಾಡಿ. ಕೆರೆಯುವ ದಿನ ಕೂಸು ಮತ್ತು ಬಸುರಿಯರು ಬೇರೆ ಮನೆಯಲ್ಲಿರಲಿ. ಪೇಂಟರ್‌ಗೆ ಒಣ ಉಜ್ಜುವುದು ಬೇಡ, ನೀರು ಚಿಮುಕಿಸಿ ಉಜ್ಜು ಅಂತ ಹೇಳಿ. ಬೆಂಕಿ ಜ್ವಾಲೆ ಹಿಡಿದು ಬಣ್ಣ ಎಬ್ಬಿಸುವುದಂತೂ ಬೇಡವೇ ಬೇಡ, ಅದರ ಹೊಗೆಯಲ್ಲೇ ಸೀಸ ಇರುತ್ತದೆ. ಕೆಳಗೆ ಪ್ಲಾಸ್ಟಿಕ್ ತಾಡಪತ್ರಿ ಹಾಸಿ, ಧೂಳನ್ನು ಅದರಲ್ಲೇ ಸುತ್ತಿ ತೆಗೆಯಿರಿ, ತಿಪ್ಪೆಗೆ ಸುರಿಯಬೇಡಿ. ಮುಗಿದ ಮೇಲೆ ಗುಡಿಸಬೇಡಿ, ಒದ್ದೆ ಬಟ್ಟೆಯಿಂದ ಎರಡು ಮೂರು ಸಲ ಒರೆಸಿ, ಪ್ರತಿ ಸಲ ನೀರು ಬದಲಿಸಿ. ಹೊಸ ಡಬ್ಬಿ ಕೊಳ್ಳುವಾಗ ಸೀಸ 90 ಪಿಪಿಎಂ ಮೀರಿಲ್ಲ ಅಂತ ಲೇಬಲ್ ಮೇಲೆ ಬರೆದಿದೆಯೇ ನೋಡಿ. ಆ ನಿಯಮ ಮನೆಬಳಕೆಯ ಬಣ್ಣಕ್ಕೆ ಮಾತ್ರ. ಟ್ರ್ಯಾಕ್ಟರ್, ಯಂತ್ರಗಳಿಗೆ ಬಳಿಯುವ ಬಣ್ಣ ಅಗ್ಗಕ್ಕೆ ಸಿಕ್ಕಿತು ಅಂತ ಮನೆ ಗೇಟಿಗೋ ತೊಟ್ಟಿಲಿಗೋ ಬಳಿಸಬೇಡಿ.

ಬ್ಯಾಟರಿ ಒಡೆಯುವ ಜಾಗ

ಈಗ ಜಗತ್ತಿನಲ್ಲಿ ಬಳಕೆಯಾಗುವ ಸೀಸದಲ್ಲಿ ಬಹುಪಾಲು ಹೋಗುವುದು ಬ್ಯಾಟರಿಗೆ. ಬೈಕ್, ಟ್ರ್ಯಾಕ್ಟರ್, ಇನ್ವರ್ಟರ್, ಇ-ರಿಕ್ಷಾ. ಬ್ಯಾಟರಿಯ ತೂಕದಲ್ಲಿ ಅರ್ಧಕ್ಕಿಂತ ಜಾಸ್ತಿ ಸೀಸವೇ. ಪಡಸಾಲೆಯಲ್ಲಿ ಇನ್ವರ್ಟರ್ ಇಟ್ಟಿದ್ದೇವೆ, ಏನಾದರೂ ಆದೀತಾ ಅಂತ ಹೆದರಬೇಡಿ. ಒಡೆಯದ, ಸೋರದ ಬ್ಯಾಟರಿಯಿಂದ ಸೀಸ ಹೊರಗೆ ಬರುವುದಿಲ್ಲ. ಅಪಾಯ ಶುರುವಾಗುವುದು ಅದರ ಆಯಸ್ಸು ಮುಗಿದ ಮೇಲೆ. ಗುಜರಿ ಅಂಗಡಿಯ ಹಿಂದೆ ಅದನ್ನು ಕೊಡಲಿಯಿಂದ ಒಡೆದು, ಆ್ಯಸಿಡ್ ಚರಂಡಿಗೆ ಸುರಿದು, ಪ್ಲೇಟ್ ಕಿತ್ತು ಕರಗಿಸುವ ಕೆಲಸ ದೇಶದ ಎಷ್ಟೋ ಕಡೆ ಕದ್ದುಮುಚ್ಚಿ ನಡೆಯುತ್ತದೆ. ಪ್ಲೇಟಿನ ಮೇಲಿನ ಪುಡಿ, ಕುಲುಮೆಯ ಹೊಗೆ ಸುತ್ತಲಿನ ಮಣ್ಣಿಗೆ ಸೇರುತ್ತದೆ. ಮಣ್ಣಿಗೆ ಸೇರಿದ ಸೀಸ ಕೊಳೆಯುವುದಿಲ್ಲ, ಕರಗಿ ಹೋಗುವುದೂ ಇಲ್ಲ.

ಇದು ಎಲ್ಲಿಗೆ ಮುಟ್ಟಬಹುದು ಅನ್ನುವುದಕ್ಕೆ ಆಫ್ರಿಕಾದ ಸೆನೆಗಲ್ ಸಾಕ್ಷಿ. ರಾಜಧಾನಿ ಡಕಾರ್ ಹತ್ತಿರ ಥಿಯಾರೋಯ್ ಸುರ್ ಮೇರ್ ಅನ್ನುವ ಕಡೆ ಬಹಳ ವರ್ಷ ಹಳೆಯ ಬ್ಯಾಟರಿ ಒಡೆಯುತ್ತಿದ್ದರು. ಸೀಸದ ರೇಟು ಏರಿದಾಗ ಅಲ್ಲಿನ ಬಡ ಹೆಂಗಸರು ಆ ಮಣ್ಣನ್ನೇ ಜರಡಿ ಹಿಡಿದು ಚೂರು ಆಯಲು ಕೂತರು. ಮಕ್ಕಳು ಪಕ್ಕದಲ್ಲೇ ಆಡುತ್ತಿದ್ದವು. 2007ರ ನವೆಂಬರ್‌ನಿಂದ 2008ರ ಮಾರ್ಚ್‌ ಒಳಗೆ 18 ಮಕ್ಕಳು ತೀರಿಕೊಂಡರು. ಮೊದಮೊದಲು ಯಾಕೆ ಅಂತಲೇ ಯಾರಿಗೂ ಹೊಳೆದಿರಲಿಲ್ಲ.

ನಮ್ಮಲ್ಲಿ ಹಳೆಯ ಬ್ಯಾಟರಿಯನ್ನು ಹೊಸದು ಕೊಂಡ ಅಂಗಡಿಗೇ ವಾಪಸ್ ಕೊಡುವುದು ಸರಿಯಾದ ದಾರಿ. ಬ್ಯಾಟರಿ ತಯಾರಿಸುವ ಕಂಪನಿಗಳೇ ಹಳೆಯದನ್ನು ವಾಪಸ್ ಕೂಡಿಸಿ ಸರಿಯಾದ ಕಡೆ ಸಂಸ್ಕರಣೆ ಮಾಡಿಸಬೇಕು ಅಂತ 2022ರ ಬ್ಯಾಟರಿ ತ್ಯಾಜ್ಯ ನಿಯಮ ಹೇಳುತ್ತದೆ. ಗುಜರಿಯವನು ನೂರು ಇನ್ನೂರು ಜಾಸ್ತಿ ಕೊಡಬಹುದು. ಆ ನೂರಿನ ಆಸೆಗೆ ಬಿದ್ದರೆ ಬ್ಯಾಟರಿ ಯಾರ ಹಿತ್ತಲಿನಲ್ಲಿ ಒಡೆಯುತ್ತದೋ ಹೇಳುವವರಿಲ್ಲ. ವಸತಿ ಜಾಗದಲ್ಲಿ ಸೀಸ ಕರಗಿಸುವ ಕುಲುಮೆ ಕಂಡರೆ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಗೆ ದೂರು ಕೊಡಬಹುದು. ನಾಲ್ಕಾರು ಮನೆಯವರು ಕೂಡಿ ಬರೆದುಕೊಟ್ಟರೆ ತೂಕ ಜಾಸ್ತಿ.

ಬ್ಯಾಟರಿ ಅಂಗಡಿ, ಗ್ಯಾರೇಜು, ಪೇಂಟಿಂಗ್, ಬೆಸುಗೆ ಕೆಲಸ ಮಾಡುವ ಅಪ್ಪಂದಿರಿಗೆ ಒಂದು ಮಾತು. ಸೀಸ ನಿಮ್ಮ ಅಂಗಿಯ ಮೇಲೆ ಕೂತು ಮನೆಗೆ ಬರುತ್ತದೆ. ಮನೆಗೆ ಬಂದ ಕೂಡಲೇ ಕೂಸು ಓಡಿಬಂದು ಕಾಲು ತಬ್ಬಿಕೊಳ್ಳುತ್ತದೆ, ಎತ್ತಿಕೊಳ್ಳಬೇಕು ಅನ್ನಿಸುತ್ತದೆ. ಒಂದು ಐದು ನಿಮಿಷ ತಡೆಯಿರಿ. ಸೋಪು ಹಾಕಿ ಕೈ ಮುಖ ತೊಳೆದು, ಸಾಧ್ಯವಾದರೆ ಸ್ನಾನವನ್ನೇ ಮಾಡಿ, ಅಂಗಿ ಬದಲಿಸಿ ಆಮೇಲೆ ಎತ್ತಿಕೊಳ್ಳಿ. ಕೆಲಸದ ಬಟ್ಟೆಯನ್ನು ಮಗುವಿನ ಬಟ್ಟೆ ಜೊತೆ ನೆನೆಸಬೇಡಿ. ಬೀಸುಬಲೆಯ ಅಂಚಿಗೆ ಕಟ್ಟುವ ಗುಂಡನ್ನು ಮನೆಯಲ್ಲೇ ಎರಕ ಹೊಯ್ಯುವವರು ಅಡುಗೆ ಒಲೆ, ಅಡುಗೆ ಪಾತ್ರೆ ಎರಡನ್ನೂ ಅದಕ್ಕೆ ಬಳಸಬಾರದು. ಆ ಗುಂಡು ಮಕ್ಕಳ ಆಟಿಕೆಯೂ ಆಗಬಾರದು.

ಬೀದರಿನವರು ಕೇಳುತ್ತಾರೆ, ನಮ್ಮ ಬಿದರಿ ಕೆಲಸದ ಕತೆ ಏನು ಅಂತ. ಬಿದರಿಯ ಮಿಶ್ರಲೋಹದಲ್ಲಿ ಮುಖ್ಯವಾಗಿ ಇರುವುದು ಸತು, ಜೊತೆಗೆ ತಾಮ್ರ. ಅಲಂಕಾರಕ್ಕೆ ಇಡಿ, ಭಯ ಬೇಡ. ಆದರೆ ಅದರಲ್ಲಿ ಮಗುವಿಗೆ ಹಾಲು ಕೊಡುವುದು ಬೇಡ. ಅದು ಊಟದ ಪಾತ್ರೆಯಾಗಿ ಮಾಡಿದ್ದಲ್ಲ.

ಕಣ್ಣು, ಹಣೆ, ಅಡುಗೆಮನೆ

ಖ್ವಾಜಾ ಬಂದೇ ನವಾಜರ ಉರುಸಿಗೆ ಹೋದವರಿಗೆ ಅತ್ತರು, ಸುರ್ಮಾ ಮಾರುವ ಅಂಗಡಿ ಹೊಸದಲ್ಲ. ಸುರ್ಮಾ ಅಂದರೆ ಹಿಂದಿನಿಂದಲೂ ಗೆಲೀನಾ ಅನ್ನುವ ಹೊಳೆಯುವ ಕರಿ ಕಲ್ಲಿನ ಪುಡಿ. ಆ ಕಲ್ಲು ಬೇರೇನಲ್ಲ, ಸೀಸ ಮತ್ತು ಗಂಧಕ ಸೇರಿದ್ದು. ಪುಡಿಯ ತೂಕದಲ್ಲಿ ಅರ್ಧಕ್ಕಿಂತ ಜಾಸ್ತಿ ಸೀಸ ಇರಬಹುದು. ಕೂಸು ಕಣ್ಣುಜ್ಜುತ್ತದೆ, ಅದೇ ಬೆರಳು ಬಾಯಿಗೆ ಹೋಗುತ್ತದೆ. ಹಿಂದೂ ಮನೆಗಳಲ್ಲಿ ದೃಷ್ಟಿಬೊಟ್ಟಿಗೆ ಇಡುವ ಅಂಗಡಿ ಕಾಡಿಗೆಯೂ ಎಲ್ಲವೂ ನಂಬುವಂಥದ್ದಲ್ಲ. ಸಿಂಧೂರದ ಕೆಲವು ಪುಡಿಗಳಲ್ಲಿ ಕೆಂಪು ಬಣ್ಣಕ್ಕಾಗಿ ಸೀಸದ ಆಕ್ಸೈಡ್ ಸೇರಿಸಿರುತ್ತಾರೆ. ಎಣ್ಣೆದೀಪದ ಮಸಿಯಿಂದ ಮನೆಯಲ್ಲಿ ಮಾಡಿದ ಕಾಡಿಗೆಯಲ್ಲಿ ಸೀಸ ಇರುವುದಿಲ್ಲ. ಆದರೂ ಎಳೆಯ ಕಣ್ಣಿಗೆ ಯಾವುದನ್ನೂ ಹಚ್ಚಬೇಡಿ ಅಂತಲೇ ಮಕ್ಕಳ ಡಾಕ್ಟರು ಹೇಳುತ್ತಾರೆ, ಸೋಂಕಿನ ಕಾರಣಕ್ಕೆ. ದೃಷ್ಟಿಬೊಟ್ಟು ಬೇಕೇ ಬೇಕು ಅಂದರೆ ಅಂಗಾಲಿಗೆ ಇಡಿ, ಅದೂ ಮನೆಯ ಕಾಡಿಗೆಯಲ್ಲಿ. ಅಜ್ಜಿಯ ಜೊತೆ ಜಗಳ ಬೇಡ ನೋಡಿ.

ಅರಿಶಿನದ ಕತೆ ಬಾಂಗ್ಲಾದೇಶದಲ್ಲಿ ಬಯಲಾಯಿತು. ಮಂಕಾದ ಅರಿಶಿನ ಕೊಂಬಿಗೆ ಹೊಳಪು ಬರಲಿ ಅಂತ ಸೀಸದ ಕ್ರೋಮೇಟ್ ಅನ್ನುವ ಹಳದಿ ಪುಡಿ ಹಚ್ಚುತ್ತಿದ್ದರು. ಬಸುರಿಯರ ರಕ್ತದಲ್ಲಿ ಸೀಸ ಎಲ್ಲಿಂದ ಬಂತು ಅಂತ ಹುಡುಕಿದ ಸಂಶೋಧಕರು ಅಡುಗೆಮನೆಯ ಡಬ್ಬಿಗೆ ಬಂದು ನಿಂತರು. 2019ರಲ್ಲಿ ಅಲ್ಲಿನ ಸರ್ಕಾರ ಮಾರುಕಟ್ಟೆಗೆ ಇಳಿದು ದಂಡ ಹಾಕಿತು, ಪ್ರಚಾರ ಮಾಡಿತು. ಮೊದಲು ಪರೀಕ್ಷಿಸಿದ ಮಾದರಿಗಳಲ್ಲಿ 47 ಶೇಕಡಾ ಕಲಬೆರಕೆ ಇತ್ತು, 2021ರ ಹೊತ್ತಿಗೆ ಸೊನ್ನೆಗೆ ಬಂತು. ಸರ್ಕಾರ ಮನಸ್ಸು ಮಾಡಿದರೆ ಎರಡೇ ವರ್ಷದ ಕೆಲಸ! ನಮ್ಮಲ್ಲೂ ಇದನ್ನು ಬೆರೆಸುವುದು ಕಾನೂನಿನ ಪ್ರಕಾರ ಅಪರಾಧ. ಕೊಂಬು ತಂದು ಗಿರಣಿಯಲ್ಲಿ ಪುಡಿ ಮಾಡಿಸುವ ರೂಢಿ ನಮ್ಮ ಕಡೆ ಇನ್ನೂ ಉಳಿದಿದೆ, ಒಳ್ಳೆಯದು. ಕೊಂಬನ್ನು ಒಂದು ಗ್ಲಾಸ್ ನೀರಿಗೆ ಹಾಕಿ ನೋಡಿ. ಹಾಕಿದ ತಕ್ಷಣ ನೀರು ಗಾಢ ಹಳದಿಯಾದರೆ ಅನುಮಾನ ಪಡಿ. ಕಣ್ಣು ಕುಕ್ಕುವ ಹಳದಿಯ ಬಿಡಿ ಪುಡಿಯನ್ನು ಸಂತೆಯಲ್ಲಿ ಕೊಳ್ಳಬೇಡಿ.

ಪಾತ್ರೆಗಳ ವಿಷಯ. ಹಿತ್ತಾಳೆ ಪಾತ್ರೆಗೆ ಕಲಾಯಿ ಹಾಕುವವರು ಶುದ್ಧ ತವರ ಬಳಸಿದರೆ ತೊಂದರೆ ಇಲ್ಲ. ತವರ ದುಬಾರಿ ಅಂತ ಸೀಸ ಬೆರೆಸಿದರೆ ಅದು ನೇರ ಅನ್ನಕ್ಕೇ ಬರುತ್ತದೆ. ಗುಜರಿ ಕರಗಿಸಿ ಎರಕ ಹೊಯ್ದ ಅಗ್ಗದ ಜರ್ಮನ್ (ಅಲ್ಯೂಮಿನಿಯಂ) ಪಾತ್ರೆಗಳೂ ಹಾಗೇ. ಹಳೆಯ ಎಂಜಿನ್ ಭಾಗ, ತಂತಿ, ಡಬ್ಬಿ ಎಲ್ಲ ಒಂದೇ ಕುಲುಮೆಗೆ ಬಿದ್ದಿರುತ್ತವೆ. ಹಿಂಡಾಲಿಯಂ, ಇಂಡಾಲಿಯಂ ಅನ್ನುವ ಹೆಸರಿನಲ್ಲಿ ಹೋದ ಕೆಲವು ಪಾತ್ರೆಗಳಿಂದ ಆಹಾರಕ್ಕೆ ಸೀಸ ಇಳಿಯುತ್ತದೆ ಅಂತ ಅಮೆರಿಕದ ಆಹಾರ ಮತ್ತು ಔಷಧ ಇಲಾಖೆ 2025ರಲ್ಲಿ ಎಚ್ಚರಿಸಿತು. ಹುಳಿ ಇದ್ದರೆ ಸೀಸ ಜಾಸ್ತಿ ಇಳಿಯುತ್ತದೆ. ಪುಂಡಿ ಪಲ್ಯ, ಹುಣಸೆ ಸಾರು ನಮ್ಮ ದಿನದ ಊಟ. ಅವನ್ನು ಸ್ಟೀಲ್ ಅಥವಾ ಕಬ್ಬಿಣದ ಪಾತ್ರೆಯಲ್ಲಿ ಮಾಡಿ. ಕಬ್ಬಿಣದ ಬಾಣಲೆಯಲ್ಲಿ ಮಾಡಿದ ಪುಂಡಿ ಪಲ್ಯ ಕಪ್ಪಾಗುತ್ತದೆ ಅಂತ ಬೇಜಾರಾದರೂ ಅದರ ಜೊತೆ ಕಬ್ಬಿಣಾಂಶ ಹೊಟ್ಟೆಗೆ ಹೋಗುತ್ತದೆ, ಲಾಭವೇ.

ಉಳಿದವು ಬೇಗ ಹೇಳಿಬಿಡುತ್ತೇನೆ. ಮಕ್ಕಳು ಕಚ್ಚುವ ಪೆನ್ಸಿಲ್ ಒಳಗಿನ ಕಡ್ಡಿ ಗ್ರಾಫೈಟ್, ಅದರಲ್ಲಿ ಸೀಸ ಇಲ್ಲ. ಜಾತ್ರೆಯಲ್ಲಿ ಸಿಗುವ, ಕೈಗೆ ಬಣ್ಣ ಹತ್ತುವ ಆಟಿಕೆ ಎಳೆಯ ಮಕ್ಕಳಿಗೆ ಬೇಡ. ನಾಗ ಭಸ್ಮ ಅನ್ನುವ ಔಷಧಿ ಸೀಸದಿಂದಲೇ ಮಾಡಿದ್ದು. ಯಾರೋ ಪೊಟ್ಟಣದಲ್ಲಿ ಕಟ್ಟಿಕೊಟ್ಟ, ಹೆಸರಿಲ್ಲದ ಭಸ್ಮವನ್ನು ಮಗುವಿಗೆ ನೆಕ್ಕಿಸಬೇಡಿ. ನೀರಿನಲ್ಲಿ ಸೀಸ ಇದ್ದರೆ ಕುದಿಸಿದರೆ ಹೋಗುವುದಿಲ್ಲ, ನೀರು ಆವಿಯಾಗಿ ಸೀಸ ಇನ್ನೂ ಗಟ್ಟಿಯಾಗುತ್ತದೆ. ಪೆಟ್ರೋಲಿನ ಚಿಂತೆ ಈಗ ಇಲ್ಲ, 2000ನೇ ಇಸವಿಯಿಂದ ದೇಶದಲ್ಲಿ ಸೀಸದ ಪೆಟ್ರೋಲ್ ಮಾರುವುದು ನಿಂತಿದೆ. ಅದಕ್ಕೆ ಸ್ವಲ್ಪ ಮೊದಲು ಬೆಂಗಳೂರು ಸೇರಿ ಕೆಲವು ನಗರಗಳಲ್ಲಿ ನಡೆದ ಪರೀಕ್ಷೆಯಲ್ಲಿ ಅರ್ಧಕ್ಕಿಂತ ಹೆಚ್ಚು ಮಕ್ಕಳ ರಕ್ತದಲ್ಲಿ ಸೀಸ 10 ಅಥವಾ ಅದಕ್ಕಿಂತ ಮೇಲಿತ್ತು. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಡಾ. ತುಪ್ಪಿಲ್ ವೆಂಕಟೇಶ್ ಈ ವಿಷಯವನ್ನು ಹಿಡಿದು ದಶಕಗಟ್ಟಲೆ ಕೆಲಸ ಮಾಡಿದವರು. ಸೀಸದ ವಿಷಬಾಧೆಗೆಂದೇ ರಾಷ್ಟ್ರೀಯ ಕೇಂದ್ರವೊಂದು ಅಲ್ಲಿ ಶುರುವಾದದ್ದು ಅವರ ಮುಂದಾಳತ್ವದಲ್ಲಿ.

ಯಾರಿಗೆ ಪರೀಕ್ಷೆ ಬೇಕು?

ಎಲ್ಲ ಮಕ್ಕಳಿಗೂ ರಕ್ತ ತೆಗೆಸಿ ಅಂತ ನಾನು ಹೇಳುವುದಿಲ್ಲ, ನಮ್ಮ ಕಡೆ ಅದು ಆಗುವ ಮಾತೂ ಅಲ್ಲ. ಆದರೆ ಐದು ವರ್ಷದೊಳಗಿನ ಮಗು ಮಣ್ಣು, ಗೋಡೆಯ ಚಕ್ಕೆ ತಿನ್ನುವ ಚಟಕ್ಕೆ ಬಿದ್ದಿದ್ದರೆ, ಮನೆಯಲ್ಲಿ ಯಾರಾದರೂ ಬ್ಯಾಟರಿ ಅಥವಾ ಬಣ್ಣದ ಕೆಲಸ ಮಾಡುತ್ತಿದ್ದರೆ, ದಿನಾ ಸುರ್ಮಾ ಹಚ್ಚುತ್ತಿದ್ದರೆ, ಎರಡು ಮೂರು ತಿಂಗಳು ನೆಟ್ಟಗೆ ಸಿರಪ್ ಕೊಟ್ಟರೂ ಹಿಮೋಗ್ಲೋಬಿನ್ ಏರದಿದ್ದರೆ ಮಕ್ಕಳ ವೈದ್ಯರ ಮುಂದೆ ‘ಸೀಸ’ ಅನ್ನುವ ಪದವನ್ನು ನೀವೇ ಎತ್ತಿ. ಮೂರು ಜಿಲ್ಲೆಯಲ್ಲೂ ಸರ್ಕಾರಿ ವೈದ್ಯಕೀಯ ಕಾಲೇಜುಗಳಿವೆ, ಮಕ್ಕಳ ವಿಭಾಗದಲ್ಲಿ ಕೇಳಬಹುದು. ಮಾತು ತಡ, ನಡೆ ತಡ, ಕಾರಣ ಗೊತ್ತಾಗದ ಹೊಟ್ಟೆನೋವು ಮತ್ತು ಮಲಬದ್ಧತೆ ಇದ್ದರೂ ಕೇಳಿ. ಫಿಟ್ಸ್, ಮೇಲಿಂದ ಮೇಲೆ ವಾಂತಿ, ಮಂಕಾಗಿ ಮಲಗುವುದು ಕಂಡರೆ ಕೇಳುತ್ತಾ ಕೂರುವ ಸಮಯ ಅದಲ್ಲ, ನೇರ ಆಸ್ಪತ್ರೆಗೆ ಓಡಿ.

ಬೆರಳು ಚುಚ್ಚಿ ಮಾಡುವ ಪರೀಕ್ಷೆಯಲ್ಲಿ ಜಾಸ್ತಿ ಬಂದರೆ ನರದಿಂದ ರಕ್ತ ತೆಗೆದು ಇನ್ನೊಮ್ಮೆ ಖಾತ್ರಿ ಮಾಡಿಕೊಳ್ಳಬೇಕು. ಬೆರಳಿನ ಚರ್ಮದ ಮೇಲಿನ ಧೂಳೇ ಲೆಕ್ಕ ಕೆಡಿಸಬಹುದು.

ಔಷಧಿ ಇಲ್ಲವಾ? ಇದೆ. ರಕ್ತದಲ್ಲಿ 45 ಮುಟ್ಟಿದ ಮಕ್ಕಳಿಗೆ ಸೀಸವನ್ನು ಹಿಡಿದು ಮೂತ್ರದಲ್ಲಿ ಹೊರಗೆ ಹಾಕುವ ಔಷಧಿ ಕೊಡುತ್ತಾರೆ, ಅದು ಜೀವ ಉಳಿಸುತ್ತದೆ. ಅದಕ್ಕಿಂತ ಕಡಿಮೆ ಇದ್ದವರಿಗೆ ಕೊಟ್ಟು ನೋಡಿದ್ದೂ ಆಗಿದೆ. ಅಮೆರಿಕದಲ್ಲಿ 780 ಮಕ್ಕಳ ಮೇಲೆ ನಡೆದ ಅಧ್ಯಯನದ ಫಲಿತಾಂಶ 2001ರಲ್ಲಿ ಬಂತು. ರಕ್ತದ ಸೀಸ ಇಳಿಯಿತು, ಆದರೆ ಕಲಿಕೆ, ಬುದ್ಧಿ, ನಡವಳಿಕೆಯಲ್ಲಿ ವ್ಯತ್ಯಾಸ ಕಾಣಲಿಲ್ಲ. ಮಿದುಳಿಗೆ ಆದ ಹಾನಿಯನ್ನು ಔಷಧಿ ವಾಪಸ್ ತರುವುದಿಲ್ಲ. ಆದ್ದರಿಂದ 8, 12, 20 ಅಂತ ರಿಪೋರ್ಟ್ ಬಂದ ಮನೆಯವರು ಔಷಧಿ ಅಂಗಡಿ ಸುತ್ತುವ ಬದಲು ಮನೆ ಸುತ್ತಬೇಕು. ಮೂಲ ಸಿಕ್ಕು ಅದನ್ನು ತೆಗೆದರೆ ರಕ್ತದ ಸೀಸ ಇಳಿಯತೊಡಗುತ್ತದೆ. ವೈದ್ಯರು ಹೇಳಿದಾಗ ಮತ್ತೆ ಪರೀಕ್ಷೆ ಮಾಡಿಸಿ. ಇಳಿಯದಿದ್ದರೆ ಮೂಲ ಇನ್ನೂ ಮನೆಯಲ್ಲೇ ಇದೆ ಅಂತ ಅರ್ಥ.

ಈ ನಡುವೆ ಊಟ ಬಿಡಬೇಡಿ. ಬೆಳಿಗ್ಗೆ ಎದ್ದ ಕೂಸಿಗೆ ಚಹಾದಲ್ಲಿ ಖಾರಿ ಅದ್ದಿಕೊಡುವ ರೂಢಿ ನಮ್ಮಲ್ಲಿ ಬಹಳ. ಚಹಾ ಕಬ್ಬಿಣಾಂಶ ಹೀರಿಕೊಳ್ಳದಂತೆ ತಡೆಯುತ್ತದೆ, ಹೊಟ್ಟೆ ತುಂಬಿದ ಹಾಗೆ ಅನ್ನಿಸುವುದು ಬೇರೆ. ಅದರ ಬದಲು ಹಾಲು, ಮೊಟ್ಟೆ, ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ತೊಗರಿಬೇಳೆ, ಸೊಪ್ಪು. ಬೇಳೆ ಸೊಪ್ಪಿನ ಮೇಲೆ ನಿಂಬೆ ಹಿಂಡಿ, ಇಲ್ಲವೇ ಪೇರಲ, ನೆಲ್ಲಿಕಾಯಿ ಕೊಡಿ, ಕಬ್ಬಿಣಾಂಶ ಚೆನ್ನಾಗಿ ಹತ್ತುತ್ತದೆ. ಕಬ್ಬಿಣ, ಕ್ಯಾಲ್ಸಿಯಂ ಸಾಕಷ್ಟು ಇದ್ದಾಗ ಸೀಸಕ್ಕೆ ಒಳಗೆ ಜಾಗ ಕಮ್ಮಿ. ಊಟಕ್ಕೆ ಮೊದಲು, ಮಲಗುವ ಮೊದಲು ಸೋಪಿನಿಂದ ಕೈ ತೊಳೆಸಿ. ಚಪ್ಪಲಿ ಹೊಸ್ತಿಲ ಹೊರಗೇ ಇರಲಿ.

ಬಸುರಿಯರ ಲೆಕ್ಕ ಇನ್ನೊಂದು. ರಕ್ತದಲ್ಲಿರುವ ಸೀಸದ ಅರ್ಧದಷ್ಟು ಸುಮಾರು ಒಂದು ತಿಂಗಳಲ್ಲಿ ಹೋಗುತ್ತದೆ, ಎಲುಬಿಗೆ ಸೇರಿದ್ದು ಹತ್ತು ಇಪ್ಪತ್ತು ವರ್ಷ ಇರುತ್ತದೆ. ಹುಡುಗಿಯಾಗಿದ್ದಾಗ ಮೈಗೆ ಸೇರಿದ ಸೀಸ, ಬಸುರಾದಾಗ ಕ್ಯಾಲ್ಸಿಯಂ ಸಾಲದೆ ಎಲುಬು ಕರಗತೊಡಗಿದರೆ ಅದರ ಜೊತೆ ಹೊರಬಂದು ಹೊಟ್ಟೆಯೊಳಗಿನ ಕೂಸಿಗೆ ಮುಟ್ಟುತ್ತದೆ. ಸರ್ಕಾರಿ ಆಸ್ಪತ್ರೆಯಲ್ಲಿ ಬಸುರಿಯರಿಗೆ ಕಬ್ಬಿಣಾಂಶ ಮತ್ತು ಕ್ಯಾಲ್ಸಿಯಂ ಎರಡೂ ಮಾತ್ರೆ ಪುಕ್ಕಟೆ ಕೊಡುತ್ತಾರೆ. ಕ್ಯಾಲ್ಸಿಯಂ ಮಾತ್ರೆ ದೊಡ್ಡದು, ನುಂಗಲು ಕಷ್ಟ ಅಂತ ಎಷ್ಟೋ ಜನ ಕಪಾಟಿನಲ್ಲೇ ಬಿಡುತ್ತಾರೆ. ಅರ್ಧ ಮಾಡಿ ನುಂಗಬಹುದೇ ಅಂತ ನರ್ಸಮ್ಮನನ್ನು ಕೇಳಿ, ಬಿಡಬೇಡಿ. ಎರಡನ್ನೂ ಒಟ್ಟಿಗೆ ಮಾತ್ರ ತಗೊಳ್ಳಬೇಡಿ, ಒಂದು ಇನ್ನೊಂದನ್ನು ತಡೆಯುತ್ತದೆ. ಕ್ಯಾಲ್ಸಿಯಂ ಊಟದ ಜೊತೆ, ಕಬ್ಬಿಣಾಂಶ ಅದಾಗಿ ಎರಡು ಗಂಟೆ ಬಿಟ್ಟು, ಚಹಾ ಕುಡಿಯದ ಹೊತ್ತಿನಲ್ಲಿ.